ನಾಲ್ಕು ತಾಲ್ಲೂಕು, ಒಂದು ಯೆಜ್ಡಿ

ಹಾನಗಲ್ಲಿನ ನಮ್ಮ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ. ಒಂದು ಮೂಲೆಯಲ್ಲಿ ಕಟ್ಟಿಗೆ ಒಟ್ಟಿದ್ದೇವೆ. ಇನ್ನೊಂದು ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ನನ್ನ ಯೆಜ್ಡಿ ಮೋಟಾರ್ ಸೈಕಲ್ ನಿಂತಿದೆ. ಹೋದ ದೀಪಾವಳಿಗೆ ಮಗ ಬಂದಾಗ ಗೋಣಿಚೀಲ ಎತ್ತಿ ನೋಡಿ, "ಅಪ್ಪಾ, ಇದನ್ನ ಕೊಟ್ಟುಬಿಡೋಣು. ಬೆಂಗಳೂರಾಗ ಒಬ್ಬರು ಹಳೇ ಗಾಡಿ ಕೂಡಿಸ್ತಾರ. ಛಲೋ ರೊಕ್ಕ ಕೊಡ್ತಾರಂತ" ಎಂದ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ನಮ್ಮ ಮನೆಯವಳು ಮಾತ್ರ, "ಆ ಜಾಗಾ ಖಾಲಿ ಆದ್ರ ನೀರು ಕಾಸೂ ಒಲಿ ಹಾಕಿಸಬಹುದು" ಎಂದು ಅಲ್ಲೇ ಲೆಕ್ಕ ಹಾಕಿದಳು.

ತಕರಾರು ತೆಗೆದವಳು ಮೊಮ್ಮಗಳು. ಎಂಟನೆಯ ಇಯತ್ತೆಯ ಹುಡುಗಿ. ಅವಳ ಹತ್ತಿರ ಬೆರಳುದ್ದದ ಒಂದು ಕೆಂಪು ಆಟಿಕೆ ಕಾರಿದೆ. ಅದರ ಮೂತಿಯ ಮೇಲೆ ಓಡುವ ಕುದುರೆಯ ಚಿತ್ರ. ಅದು ಅಮೆರಿಕದ ಫೋರ್ಡ್ ಮಸ್ಟ್ಯಾಂಗ್ ಅಂತೆ. ಅವಳೇ ನನ್ನ ಪಕ್ಕ ಕುಳಿತು ಪಾಠ ಹೇಳಿದಳು. ಮಸ್ಟ್ಯಾಂಗ್ ಎಂದರೆ ಕಾಡುಕುದುರೆ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಅದನ್ನು ಮೊದಲು ತೋರಿಸಿದರು. ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಕಾರು ತಯಾರಾದವು. ಆಮೇಲೆ ವರ್ಷದಿಂದ ವರ್ಷಕ್ಕೆ ಮೈ ಬೆಳೆಯುತ್ತ, ಇಂಜಿನ್ ದೊಡ್ಡದಾಗುತ್ತ ಹೋಯಿತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದು ಪೆಟ್ರೋಲು ತುಟ್ಟಿಯಾಯಿತು. ಆ ಹೊತ್ತಿಗೆ ಬಂದ ಮಸ್ಟ್ಯಾಂಗ್ ಗಿಡ್ಡವಾಗಿ, ಸಪ್ಪೆಯಾಗಿತ್ತು. ಮತ್ತೆ 2005ರ ಮಾದರಿಗೆ ಹಳೆಯ ಮುಖವನ್ನೇ ಹಚ್ಚಿದರು. "ಅಜ್ಜಾ, ಅಲ್ಲಿ ಮಂದಿ ಅಜ್ಜನ ಕಾಲದ್ದನ್ನ ಒರಸಿ ಒರಸಿ ಇಟ್ಕೋತಾರ. ನೀ ಯಾಕ ಮಾರ್ತಿ?" ಎಂದಳು.

ನನಗೆ ನಗು ಬಂತು. ಹುಡುಗಿ ಹೇಳಿದ ಕಥೆಯ ಒಂದೊಂದು ಸಾಲೂ ನಮ್ಮ ಕೊಟ್ಟಿಗೆಯ ಗಾಡಿಗೆ ಹೊಂದುವಂತಿತ್ತು. ನಮ್ಮದು ಕಾರಲ್ಲ, ಫಟಫಟಿ. ಅಮೆರಿಕದ್ದಲ್ಲ, ಮೈಸೂರಿನದು. ಆದರೆ ನಮ್ಮ ಸೀಮೆಯಲ್ಲಿ ಅರವತ್ತು ಎಪ್ಪತ್ತರ ದಶಕದ ಹರೆಯದ ಹುಡುಗರಿಗೆ ಕಾಡುಕುದುರೆ ಎಂದರೆ ಅದೇ.

ಓದುವ ಮಕ್ಕಳಿಗೆ ಮೊದಲಿನಿಂದ ಹೇಳಿಬಿಡುತ್ತೇನೆ. ಅಜ್ಜಂದಿರಿಗೆ ಗೊತ್ತಿರುವುದೇ, ಅವರು ಬೇಕಾದರೆ ಈ ಭಾಗ ದಾಟಿ ಮುಂದೆ ಹೋಗಲಿ.

ಚೆಕ್ ಎಂಬ ದೇಶದ ಪ್ರಾಗ್ ನಗರದಲ್ಲಿ ಯಾನೆಚೆಕ್ ಎಂಬ ಎಂಜಿನಿಯರ್ ಇದ್ದ. ಯುದ್ಧಕ್ಕೆ ಬೇಕಾದ ಆಯುಧ ತಯಾರಿಸುವವನು. 1929ರಲ್ಲಿ ಜರ್ಮನಿಯ ವಾಂಡರರ್ ಎಂಬ ಕಂಪನಿಯ ಮೋಟಾರ್ ಸೈಕಲ್ ವಿಭಾಗ ಕೊಂಡುಕೊಂಡ. ತನ್ನ ಹೆಸರಿನ ಮೊದಲೆರಡು ಅಕ್ಷರ, ಅವರ ಹೆಸರಿನ ಮೊದಲೆರಡು ಅಕ್ಷರ ಕೂಡಿಸಿ ಜಾವಾ ಎಂದು ಹೆಸರಿಟ್ಟ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆ ದೇಶ ಹಿಡಿದಾಗ, ಕಾರ್ಖಾನೆಯ ಎಂಜಿನಿಯರರು ಅವರ ಕಣ್ಣುತಪ್ಪಿಸಿ ಹೊಸ ಗಾಡಿಯೊಂದನ್ನು ರೂಪಿಸುತ್ತಿದ್ದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಪೆರಾಕ್ ಎಂದು ಅದರ ಹೆಸರು. ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ಪ್ರಾಗಿನ ಗಲ್ಲಿಗಳಲ್ಲಿ ರಾತ್ರಿ ಹೊತ್ತು ಜಿಗಿದಾಡುತ್ತಾನೆ ಎಂದು ಜನ ಹೇಳುತ್ತಿದ್ದ ಒಬ್ಬ ಮನುಷ್ಯನ ಹೆಸರದು, ನಮ್ಮ ಕಡೆ ಕೊಳ್ಳಿದೆವ್ವದ ಕಥೆ ಹೇಳುತ್ತಾರಲ್ಲ, ಹಾಗೆ.

ಆ ಗಾಡಿಯ ಮಕ್ಕಳು ಮೊಮ್ಮಕ್ಕಳು ಹಡಗಿನಲ್ಲಿ ಮುಂಬಯಿಗೆ ಬರುತ್ತಿದ್ದವು. ಹೊರದೇಶದ ಗಾಡಿ ತರಿಸಿಕೊಳ್ಳುವುದಕ್ಕೆ ನಮ್ಮ ಸರಕಾರ ಬಿಗಿ ಮಾಡಿದ ಮೇಲೆ, ಮುಂಬಯಿಯ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಇಲ್ಲಿಯೇ ತಯಾರಿಸುವುದೆಂದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು.

ನಾನು ಮೊದಲ ಜಾವಾ ನೋಡಿದ್ದು ಹದಿಮೂರು ಹದಿನಾಲ್ಕನೆಯ ವಯಸ್ಸಿನಲ್ಲಿ, ಹಾನಗಲ್ಲಿನ ತಾರಕೇಶ್ವರ ಗುಡಿಯ ಮುಂದೆ. ರಸ್ತೆ ಕೆಲಸದ ಗುತ್ತಿಗೆದಾರರೊಬ್ಬರು ನಿಲ್ಲಿಸಿ ಒಳಗೆ ಹೋಗಿದ್ದರು. ಆ ಗುಡಿಯಲ್ಲಿ ತಾವರೆ ಅರಳಿದಂತೆ ಕೊರೆದ ಕಲ್ಲಿನ ಛತ್ತು ಇದೆ, ದೂರ ದೂರದ ಜನ ಕತ್ತು ನೋಯುವವರೆಗೆ ನೋಡುತ್ತಾರೆ. ಅಂದು ನಾವು ಹುಡುಗರು ಯಾರೂ ಮೇಲೆ ನೋಡಲಿಲ್ಲ. ಮೆರೂನ್ ಬಣ್ಣದ ಗಾಡಿ, ಟಾಕಿಯ ಎರಡೂ ಬದಿಗೆ ಕನ್ನಡಿಯಂಥ ಬೆಳ್ಳಿ ಬಣ್ಣ, ಹಿಂದೆ ಎರಡು ಸೈಲೆನ್ಸರ್. ಅದರಲ್ಲಿ ನಮ್ಮ ಮುಖ ಕುಂಬಳಕಾಯಿಯಂತೆ ಕಾಣುತ್ತಿತ್ತು. ಒಬ್ಬನಾದ ಮೇಲೆ ಒಬ್ಬ ಮುಖ ನೋಡಿಕೊಂಡೆವು.

1969ರಲ್ಲಿ ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾಗಿ ಹಳ್ಳಿ ಹಳ್ಳಿಗೆ ಶಾಖೆ ತೆರೆಯತೊಡಗಿದರು. ಬಿ.ಕಾಂ. ಮುಗಿಸಿ ಕುಳಿತಿದ್ದ ನನ್ನಂಥವರಿಗೆ ನೌಕರಿ ಸಿಕ್ಕಿತು. ಗುಮಾಸ್ತನಾಗಿ ಸೇರಿದವನು ಗುಮಾಸ್ತನಾಗಿಯೇ ನಿವೃತ್ತನಾದೆ. ಬಡ್ತಿ ತೆಗೆದುಕೊಂಡರೆ ದೂರದ ರಾಜ್ಯಕ್ಕೆ ಹಾಕುತ್ತಾರೆಂಬ ಹೆದರಿಕೆ. ಹೀಗಾಗಿ ನನ್ನ ಇಡೀ ನೌಕರಿ ಸವಣೂರು, ಹಿರೇಕೆರೂರು, ಶಿಗ್ಗಾಂವಿ, ಹಾನಗಲ್ಲ, ಈ ನಾಲ್ಕು ತಾಲ್ಲೂಕಿನೊಳಗೇ ಸವೆಯಿತು. ಆಗ ಇವೆಲ್ಲ ಧಾರವಾಡ ಜಿಲ್ಲೆ. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ.

ಯೆಜ್ಡಿ ಕೊಂಡದ್ದು 1981ರಲ್ಲಿ, ಹಿರೇಕೆರೂರಿಗೆ ವರ್ಗವಾದಾಗ. ಐದು ವರ್ಷ ಓಡಿದ ಗಾಡಿ, ಸೆಕೆಂಡ್ ಹ್ಯಾಂಡ್. ಅಷ್ಟರಲ್ಲಿ ಜಾವಾ ಎಂಬ ಹೆಸರು ಹೋಗಿತ್ತು. 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತಲ್ಲ, ಅದೇ ಸುಮಾರಿಗೆ ಮೈಸೂರಿನ ಜಾವಾ ಯೆಜ್ಡಿಯಾಯಿತು. ಇರಾನ್ ದೇಶದ ಯಜ್ದ್ ಎಂಬ ಊರಿನ ಹೆಸರು ಅದು. ಹೆಸರು ಬದಲಾದರೂ ಹೊಟ್ಟೆಯೊಳಗಿನ ಇಂಜಿನ್ ಆ ಚೆಕ್ ವಂಶದ್ದೇ. ನಮ್ಮ ಹಳ್ಳಿಯ ಹಿರಿಯರಂತೂ ಕೊನೆಯವರೆಗೆ ಎರಡಕ್ಕೂ "ಜಾವಾ" ಎಂದೇ ಕರೆದರು.

ಶಾಖೆಯಲ್ಲಿ ಮೋಟಾರ್ ಸೈಕಲ್ ಇದ್ದವನು ನಾನೊಬ್ಬನೇ. ಹೀಗಾಗಿ ಬೆಳೆ ನೋಡಲು, ಸಾಲ ವಸೂಲಿಗೆ ಹಳ್ಳಿಗೆ ಹೋಗುವಾಗ ಸಾಹೇಬರು ನನ್ನ ಹಿಂದೆ ಕೂರುತ್ತಿದ್ದರು. ನಾಳೆ ಎಲ್ಲಿಗೆ ಹೋಗುವುದೆಂದು ಅವರು ಹಿಂದಿನ ದಿನವೇ ಹೇಳುತ್ತಿದ್ದರು. ನಾನು ಪೆಟ್ರೋಲಿನ ಲೆಕ್ಕ ಬರೆದಿಡುತ್ತಿದ್ದೆ.

ಅಂತೂ ಮಾರುವ ಮೊದಲು ಒಂದು ಸಲ ನಾಲ್ಕೂ ತಾಲ್ಲೂಕು ಸುತ್ತಿ ಬರುವುದೆಂದು ನಿರ್ಧಾರವಾಯಿತು. ಹುಬ್ಬಳ್ಳಿಯಲ್ಲಿ ನೌಕರಿ ಮಾಡುವ ಮಗಳ ಮಗ ಸಂಕ್ರಾಂತಿ ರಜೆಗೆ ತನ್ನ ಹೊಸ ಜಾವಾ ತೆಗೆದುಕೊಂಡು ಬಂದ. ಹಾಂ, ಜಾವಾ ಮತ್ತೆ ಬಂದಿದೆ. ಅದನ್ನು ಮುಂದೆ ಹೇಳುತ್ತೇನೆ. ಊರಿನ ಹಳೆಯ ಮಿಸ್ತ್ರಿ ಎರಡು ದಿನ ನಮ್ಮ ಹಿತ್ತಲಿನಲ್ಲೇ ಕುಳಿತು ಪಾಯಿಂಟು ತಿಕ್ಕಿ, ಹೊಸ ಪ್ಲಗ್ಗು ಹಾಕಿ, ಟಾಕಿಯೊಳಗಿನ ಜಂಗು ತೊಳೆದು, ಸೈಲೆನ್ಸರಿನ ಒಳಕೊಳವೆಗಳನ್ನು ಬೆಂಕಿಗೆ ಹಿಡಿದು ಮಸಿ ಸುಟ್ಟು ತೆಗೆದ. ಕಾಗದಪತ್ರ ಎಲ್ಲ ಸರಿ ಇದ್ದವು. ಬ್ಯಾಂಕಿನವನಲ್ಲವೇ, ಗಾಡಿ ಓಡದಿದ್ದರೂ ನೋಂದಣಿ ನವೀಕರಣ ತಪ್ಪಿಸಿರಲಿಲ್ಲ.

ಮೊಮ್ಮಗ ಉತ್ಸಾಹದಿಂದ ಗಾಡಿ ಹತ್ತಿ ಬಲಗಾಲಿನಿಂದ ಕಿಕ್ ಹುಡುಕಿದ. ಗಾಳಿಗೆ ಒದ್ದ. ಎಡಗಡೆ ಎಂದೆ. ಎಡಗಡೆ ಇದ್ದದ್ದು ಗೇರಿನ ಸಲಾಕೆ ಮಾತ್ರ. "ಕಿಕ್ ಎಲ್ಲೈತಿ ಅಜ್ಜಾ?" ಇದೇ ಈ ಗಾಡಿಯ ತಮಾಷೆ, ಮಕ್ಕಳೇ. ಆ ಗೇರಿನ ಸಲಾಕೆಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್. ಗಾಡಿ ಚಾಲು ಆದ ಮೇಲೆ ಮತ್ತೆ ಮಲಗಿಸಿದರೆ ಅದೇ ಗೇರು. ಎತ್ತಿನ ಗಾಡಿಯವನು ಒಂದೇ ಬಾರುಕೋಲನ್ನು ಹೊಡೆಯುವುದಕ್ಕೂ ಬಳಸಿ, ಗಾಲಿಗೆ ಸಿಕ್ಕ ಕೆಸರು ಕೆರೆಯುವುದಕ್ಕೂ ಬಳಸಿದಂತೆ. ನಾಲ್ಕನೆಯ ಒದೆತಕ್ಕೆ ಯೆಜ್ಡಿ ಕೆಮ್ಮಿತು. ಐದನೆಯದಕ್ಕೆ ಚಾಲು ಆಯಿತು. ಹಿತ್ತಲು ತುಂಬ ಬಿಳಿ ಹೊಗೆ. ಮನೆಯವಳು ಒಣಹಾಕಿದ ಸೀರೆ ಎಳೆದುಕೊಂಡು ಒಳಗೆ ಓಡಿದಳು.

ಹೊಗೆ ಯಾಕೆಂದು ಮೊಮ್ಮಗಳು ಕೇಳಿದಳು. ಈಗಿನ ಗಾಡಿಗಳು ಫೋರ್ ಸ್ಟ್ರೋಕ್. ಇದು ಟೂ ಸ್ಟ್ರೋಕ್. ಒರಳಲ್ಲಿ ಒನಕೆ ಹಾಕುವುದನ್ನು ನೆನೆಸಿಕೊಳ್ಳಿ. ಟೂ ಸ್ಟ್ರೋಕಿನಲ್ಲಿ ಒನಕೆ ಕೆಳಗೆ ಬಂದಾಗಲೆಲ್ಲ ಪೆಟ್ಟು ಬೀಳುತ್ತದೆ. ಫೋರ್ ಸ್ಟ್ರೋಕಿನಲ್ಲಿ ಒಂದು ಸಲ ಪೆಟ್ಟು, ಮುಂದಿನ ಸಲ ಬರೀ ಹೊಟ್ಟು ಹಾರಿಸಲಿಕ್ಕೆ ಏರಿಳಿತ. ಹೀಗಾಗಿ ಸಣ್ಣ ಇಂಜಿನ್ನೂ ಜೋರಾಗಿ ಜಗ್ಗುತ್ತದೆ. ಆದರೆ ಇದರೊಳಗೆ ಎಣ್ಣೆಗೆ ಬೇರೆ ಮನೆಯಿಲ್ಲ. ಪೆಟ್ರೋಲಿನಲ್ಲೇ ಆಯಿಲ್ ಕಲಸಿ ಹಾಕಬೇಕು. ಅದೂ ಪೆಟ್ರೋಲಿನ ಸಂಗಡ ಉರಿಯುತ್ತದೆ, ಅದೇ ಆ ಹೊಗೆ. ಆಯಿಲ್ ಕಡಿಮೆಯಾದರೆ ಇಂಜಿನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟಿ ಗಾಡಿ ನಿಲ್ಲುತ್ತದೆ. ಈ ಎರಡನೆಯ ತಪ್ಪನ್ನು ನಾನು ಒಂದು ಸಲ ಮಾಡಿದ್ದೆ.

ನಾನು ಯೆಜ್ಡಿಯಲ್ಲಿ, ಹಿಂದೆ ಹೊಸ ಜಾವಾದಲ್ಲಿ ಅಣ್ಣ ತಂಗಿ, ಮೂವರ ತಲೆಗೂ ಹೆಲ್ಮೆಟ್. ಹೀಗೆ ಬಂಕಾಪುರದ ದಾರಿ ಹಿಡಿದೆವು. ಭತ್ತದ ಗದ್ದೆ ಕೊಯ್ದು ಬರೀ ಕೂಳೆ ಉಳಿದಿತ್ತು. ಬಂಕಾಪುರದ ಕೋಟೆಯೊಳಗೆ ನವಿಲುಧಾಮವಿದೆ, ಅರವತ್ತು ಕಂಬದ ನಗರೇಶ್ವರ ಗುಡಿಯಿದೆ. ಕವಿ ರನ್ನ ಇದೇ ಊರಿನಲ್ಲಿ ಅಜಿತಸೇನಾಚಾರ್ಯರ ಹತ್ತಿರ ಓದಿದವನು. ಗಾಡಿ ದೂರದಲ್ಲೇ ನಿಲ್ಲಿಸಿ ನಡೆದು ಹೋದೆವು, ನವಿಲು ಬೆದರಬಾರದಲ್ಲ. ಎರಡು ನವಿಲು ಕಂಡವು. ಮೂರು ಎಂದು ಮೊಮ್ಮಗಳ ಲೆಕ್ಕ.

ಶಿಗ್ಗಾಂವಿ ಎಂದರೆ ನನಗೆ ನೆನಪಾಗುವುದು ಹೆದ್ದಾರಿ. ಪುಣೆ-ಬೆಂಗಳೂರು ರಸ್ತೆ, ಆಗ ಅದರ ನಂಬರು 4, ಈಗ 48. ಇದೇ ತಾಲ್ಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು, ಶಿಶುನಾಳದಲ್ಲಿ ಶರೀಫಜ್ಜ ಬಾಳಿದರು. ಅವರು ನಡೆದಾಡಿದ ಸೀಮೆಯಲ್ಲಿ ನಾನು ಮಾಡಿದ ಘನಕಾರ್ಯವೆಂದರೆ ಲಾರಿಗಳ ಹಿಂದೆ ಬಿದ್ದದ್ದು. ನಮ್ಮ ಶಾಖೆಯ ಕ್ಯಾಶಿಯರ್ ಹತ್ತಿರ ರೋಡ್‌ಕಿಂಗ್ ಇತ್ತು. 1978ರಲ್ಲಿ ಬಂದ ಮಾದರಿ. ಹಳೆಯ ಜಾವಾ ಹನ್ನೆರಡು ಕುದುರೆಶಕ್ತಿಯದಾದರೆ ಇದು ಹದಿನಾರು. ಯೆಜ್ಡಿ ವಂಶದ ಪೈಲ್ವಾನ್ ಎಂದರೆ ಅದೇ. ಒಂದು ಭಾನುವಾರ ಇಬ್ಬರೂ ಖಾಲಿ ರಸ್ತೆಯಲ್ಲಿ ಪಂದ್ಯ ಕಟ್ಟಿದೆವು. ಕ್ಯಾಶಿಯರ್ ಗೆದ್ದ. ಸೋತವನು ಮಂಡಕ್ಕಿ ಮಿರ್ಚಿ ಕೊಡಿಸಿದೆ. ಈಗಿನ ಮಕ್ಕಳು ಹೀಗೆ ಮಾಡಿದರೆ ನಾನೇ ಮೊದಲು ಬೈಯುತ್ತೇನೆ.

ಅದೇ ಹೆದ್ದಾರಿಯಲ್ಲಿ ಯೆಜ್ಡಿಯ ಕೆಟ್ಟ ದಿನಗಳನ್ನೂ ಕಂಡೆ. 1985ರಲ್ಲಿ ಜಪಾನಿನವರ ಜತೆಗೂಡಿ ತಯಾರಿಸಿದ 100 ಸಿಸಿ ಗಾಡಿಗಳು ಬಂದವು, ಹೀರೋ ಹೋಂಡಾ ಒಂದು ಕಡೆ, ಯಮಹಾ ಆರ್‌ಎಕ್ಸ್ ಇನ್ನೊಂದು ಕಡೆ. ಹೀರೋ ಹೋಂಡಾ ಲೀಟರಿಗೆ ಎಂಬತ್ತು ಕಿಲೋಮೀಟರ್ ಎಂದು ಜಾಹೀರಾತು ಹಾಕಿತು. ನನ್ನ ಯೆಜ್ಡಿ ಮೂವತ್ತು ಕೊಟ್ಟರೆ ಪುಣ್ಯ. ಪೆಟ್ರೋಲಿನ ಲೆಕ್ಕ ಬರೆಯುವವನು ನಾನೇ ಆದ್ದರಿಂದ ಈ ಅಂಕಿ ನನಗೆ ಚೆನ್ನಾಗಿ ನಾಟುತ್ತಿತ್ತು. ಅಮೆರಿಕದ ಮಸ್ಟ್ಯಾಂಗಿಗೆ ಎಣ್ಣೆ ತುಟ್ಟಿಯಾದದ್ದು ಹೊಡೆದರೆ, ನಮ್ಮ ಯೆಜ್ಡಿಗೆ ಎಣ್ಣೆಯ ಜತೆಗೆ ಹೊಗೆಯೂ ಹೊಡೆಯಿತು. ತೊಂಬತ್ತರ ದಶಕದಲ್ಲಿ ಹೊಗೆಯ ನಿಯಮ ಬಿಗಿಯಾಗುತ್ತ ಹೋದಂತೆ ಟೂ ಸ್ಟ್ರೋಕಿಗೆ ಉಸಿರು ಕಟ್ಟಿತು. 350 ಸಿಸಿಯ ಜೋಡಿ ಸಿಲಿಂಡರ್, ಮೊನಾರ್ಕ್, ಸಿಎಲ್ 2 ಎಂದು ಹಲವು ರೂಪ ತಂದು ನೋಡಿದರು. 1996ರಲ್ಲಿ ಮೈಸೂರಿನ ಕಾರ್ಖಾನೆ ನಿಂತಿತು. ಪೇಪರಿನಲ್ಲಿ ಆ ಸುದ್ದಿ ಓದಿದ ಸಂಜೆ ನಾನು ಗಾಡಿಯನ್ನು ಒರೆಸಿ ನಿಲ್ಲಿಸಿದೆ. ಅದಕ್ಕೆ ತಿಳಿಯಬಾರದೆಂಬಂತೆ.

ಶಿಗ್ಗಾಂವಿಯಲ್ಲಿ ಚಹಾ ಕುಡಿದು ಏಳುವಾಗ ನನ್ನ ಎಡಮೊಣಕಾಲು ಹಿಡಿದುಕೊಂಡಿತು. ಗಾಡಿ ಅದಲು ಬದಲು ಮಾಡಿದೆವು. ಯೆಜ್ಡಿಯಲ್ಲಿ ಮೊಮ್ಮಕ್ಕಳು, ಹೊಸ ಜಾವಾದಲ್ಲಿ ನಾನು. ಗುಂಡಿ ಒತ್ತಿದರೆ ಚಾಲು. ಹಳೆಯ ಹೆಸರಿನ ಹಕ್ಕು ಪಡೆದು ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿಯವರು 2018ರ ನವೆಂಬರಿನಲ್ಲಿ ತಂದ ಗಾಡಿ ಇದು. 293 ಸಿಸಿ, ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಇಂಜಿನ್, ಮುಂದೆ ಡಿಸ್ಕ್ ಬ್ರೇಕು. ಟಾಕಿಯ ಉಬ್ಬು, ಎರಡು ಸೈಲೆನ್ಸರ್ ಮಾತ್ರ ಹಳೆಯದರಂತೆಯೇ ಇಟ್ಟಿದ್ದಾರೆ. 2022ರಲ್ಲಿ ಯೆಜ್ಡಿ ಹೆಸರಿನ ಗಾಡಿಗಳನ್ನೂ ತಂದರು. ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ, ಯಾದವಗಿರಿಯಲ್ಲಲ್ಲ. ಗಾಡಿ ಛಲೋ ಇದೆ, ಸುಳ್ಳು ಹೇಳಬಾರದು. ಬ್ರೇಕು ಹಿಡಿದರೆ ಹಿಡಿದಲ್ಲೇ ನಿಲ್ಲುತ್ತದೆ. ನನ್ನದು ಮುಂದಿನ ಊರಿನವರೆಗೆ ಯೋಚನೆ ಮಾಡುತ್ತದೆ. ಆದರೆ ಮುಂದೆ ಮೊಮ್ಮಕ್ಕಳು ಹೋಗುತ್ತಿದ್ದ ಯೆಜ್ಡಿಯ ಡುಗುಡುಗು ಸದ್ದು, ಆ ಸುಟ್ಟ ಆಯಿಲಿನ ವಾಸನೆ ಮೂಗಿಗೆ ಬಡಿದಾಗ, ನನ್ನ ಪ್ರಾಯವೇ ನನ್ನನ್ನು ಹಿಂದೆ ಹಾಕಿ ಹೋದಂತೆನಿಸಿತು.

ಸವಣೂರಿನಲ್ಲಿ ನಾವು ನೋಡಲೇಬೇಕಾದದ್ದು ದೊಡ್ಡಹುಣಸೆ ಮಠದ ಮರಗಳು. ಆಫ್ರಿಕಾ ಮೂಲದ ಬಾವೋಬಾಬ್ ಮರ ಅವು. ಕಾಂಡವೆಂದರೆ ಆನೆಗಳ ಹಿಂಡು ಒತ್ತಿ ನಿಂತಂತೆ. ನಮ್ಮ ಮೂವರ ಕೈ ಚಾಚಿದರೂ ಒಂದು ಮೂಲೆಗೆ ಸಾಲಲಿಲ್ಲ. ಮೂರರಲ್ಲಿ ಒಂದು ಮರ 2023ರ ಮಳೆಗಾಲದಲ್ಲಿ ಬುಡಸಮೇತ ಉರುಳಿತ್ತು. ಅಷ್ಟು ದೊಡ್ಡದನ್ನು ಕಡಿದು ಒಯ್ಯದೆ, ಯಂತ್ರ ತರಿಸಿ ಎತ್ತಿ ಮತ್ತೆ ನೆಟ್ಟರು. ಅದು ಚಿಗುರಿತು. ನವಾಬರ ಊರು, ವೀಳ್ಯದೆಲೆಯ ಊರು, ವಿ.ಕೃ. ಗೋಕಾಕರು ಹುಟ್ಟಿದ ಊರು ಇದು. ಮೊಮ್ಮಕ್ಕಳಿಗೆ ಬೇಕಾದದ್ದು ಮಾತ್ರ ಸವಣೂರು ಖಾರ. ಅರ್ಧ ಕಿಲೋ ಕಟ್ಟಿಸಿಕೊಂಡೆವು. ಹಾವೇರಿ ಮುಟ್ಟುವುದರೊಳಗೆ ಪೊಟ್ಟಣದಲ್ಲಿ ಪುಡಿ ಉಳಿದಿತ್ತು.

ಅಂದು ರಾತ್ರಿ ಹಿರೇಕೆರೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ದುರ್ಗಾದೇವಿ ಗುಡಿಗೆ ಹೋಗಿ, ಕೆರೆ ನೋಡಿ ಬಂದೆವು. ಸರ್ವಜ್ಞ ಹುಟ್ಟಿದ್ದೆಂದು ಹೇಳುವ ಅಬಲೂರಿಗೆ, ಮಾಸೂರಿನ ಹತ್ತಿರದ ಮದಗದ ಕೆರೆಗೆ ಹೋಗೋಣವೆಂದು ಮೊಮ್ಮಗಳು ಪಟ್ಟಿ ಮಾಡಿಕೊಂಡಿದ್ದಳು. ನಾನು, "ಅದಕ್ಕೂ ಮದಲ ಒಂದು ಹಳ್ಳಿಗೆ ಹೋಗೂದೈತಿ" ಎಂದೆ. ಹಳ್ಳಿಯ ಹೆಸರು ಬೇಡ.

ಎಂಬತ್ತರ ದಶಕದ ನಡುವಿನ ಬರದ ವರ್ಷಗಳು. ಒಂದು ಸಂಜೆ ನಾನೊಬ್ಬನೇ ಆ ಕಡೆಯಿಂದ ಬರುತ್ತಿದ್ದಾಗ ಯೆಜ್ಡಿ ನಿಂತಿತು. ಬೆಳಿಗ್ಗೆ ಅವಸರದಲ್ಲಿ ಅಳತೆ ನೋಡದೆ ಆಯಿಲ್ ಸುರಿದಿದ್ದೆ, ಪ್ಲಗ್ಗಿಗೆ ಮಸಿ ಕಟ್ಟಿತ್ತು, ಬೇರೆ ಪ್ಲಗ್ಗು ಇಟ್ಟುಕೊಂಡಿರಲಿಲ್ಲ. ಕತ್ತಲಾಯಿತು. ಹೊಲದಿಂದ ಮನೆಗೆ ಹೊರಟ ಒಬ್ಬ ರೈತ ನನ್ನ ಜತೆ ಗಾಡಿ ತಳ್ಳಿಕೊಂಡು ತನ್ನ ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಯೆ ಬಡಿಸಿದಳು. ಹತ್ತು ಹನ್ನೊಂದು ವರ್ಷದ ಮಗ ಕಂದೀಲು ಹಿಡಿದ. ನಾನು ಪ್ಲಗ್ಗು ಬಿಚ್ಚಿ, ಬೆಂಕಿಗೆ ಹಿಡಿದು, ಉಸುಕು ಕಾಗದದಿಂದ ತಿಕ್ಕಿದೆ. ಗಾಡಿ ಚಾಲು ಆದಾಗ ಆ ಹುಡುಗ ಚಪ್ಪಾಳೆ ತಟ್ಟಿದ.

ಎರಡು ತಿಂಗಳ ಮೇಲೆ ನಮ್ಮ ಬ್ಯಾಂಕಿನಿಂದ ಬಾಕಿದಾರರಿಗೆ ನೋಟೀಸು ಹೋದವು. ಟೈಪು ಮಾಡಿದವನು ನಾನೇ. ಹೆಸರುಗಳ ನಡುವೆ ಆ ರೈತನ ಹೆಸರೂ ಇತ್ತು. ಪಂಪ್‌ಸೆಟ್ ಸಾಲ. ಕಟ್ಟದಿದ್ದರೆ ಪಂಪು ಜಪ್ತಿ. ಮರುದಿನ ಸಾಹೇಬರನ್ನು ಹಿಂದೆ ಕೂರಿಸಿಕೊಂಡು ಅದೇ ಮನೆಯ ಮುಂದೆ ಅದೇ ಗಾಡಿ ನಿಲ್ಲಿಸಿದೆ. ಅವನು ನೋಟೀಸು ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ ಜಂತಿಯ ಸಂದಿಯಲ್ಲಿ ಸಿಗಿಸಿದ. "ಚಾ ಮಾಡು" ಎಂದು ಒಳಗೆ ಕೂಗಿದ. ನಾನು ಗಾಡಿಯಿಂದ ಇಳಿಯಲಿಲ್ಲ. ಆಮೇಲೆ ಮೂರು ನಾಲ್ಕು ಸಲ ಹೋದೆವು. ಹೋದಾಗಲೆಲ್ಲ ಅವನು ಮನೆಯಲ್ಲಿ ಇರುತ್ತಿರಲಿಲ್ಲ.

ಯುಗಾದಿಯ ಹಿಂದುಮುಂದು ಅವನೇ ಬ್ಯಾಂಕಿಗೆ ಬಂದ. ಎತ್ತು ಮಾರಿದ್ದ. ಅಂದು ಕ್ಯಾಶಿಗೆ ಕುಳಿತವನು ನಾನು. ನೋಟು ಎರಡು ಸಲ ಎಣಿಸಿದೆ, ಸರಿ ಇದ್ದವು. ಪಾವತಿಗೆ ಮುದ್ರೆ ಹೊಡೆದು ಕೊಟ್ಟೆ. ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. 1988ರಲ್ಲಿ ನನಗೆ ವರ್ಗವಾಯಿತು.

ಇಷ್ಟನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವುದೇನಿದೆ? ಕಾಯಿದೆಯಂತೆ ನಡೆದದ್ದು, ಪುಸ್ತಕದಲ್ಲಿ ಲೆಕ್ಕ ತಾಳೆಯಾದದ್ದು. ಮಾರುವುದೆಂದು ಗಾಡಿ ಹೊರತೆಗೆದಾಗಿನಿಂದ ಮಾತ್ರ ಆ ಕಂದೀಲು ಕಣ್ಣ ಮುಂದೆ ಬರುತ್ತಿತ್ತು.

ಊರು ಬದಲಾಗಿತ್ತು. ಕಾಂಕ್ರೀಟು ರಸ್ತೆ, ಆರ್‌ಸಿಸಿ ಮನೆಗಳು. ಹನುಮಂತದೇವರ ಗುಡಿಯ ಗುರುತಿನ ಮೇಲೆ ಓಣಿ ಹುಡುಕಿದೆವು. ಮುಂದೆ ಮೊಮ್ಮಕ್ಕಳ ಯೆಜ್ಡಿ ಡುಗುಡುಗು ಎನ್ನುತ್ತ ಮನೆಯ ಕಟ್ಟೆಯವರೆಗೆ ಹೋಗಿ ನಿಂತಿತು. ಐವತ್ತು ದಾಟಿದ ಮನುಷ್ಯನೊಬ್ಬ ಹೊರಗೆ ಬಂದ. ನಾನು ಹೆಲ್ಮೆಟ್ ತೆಗೆಯುವುದರೊಳಗೆ ಮನೆಯ ಒಳಗಿನಿಂದ ಒಂದು ಮುದಿದನಿ ಕೇಳಿತು.

"ಬ್ಯಾಂಕಿನವರು ಬಂದಾರ ನೋಡೋ. ನಿಮ್ಮಪ್ಪ ಹೊಲಕ್ಕ ಹೋಗ್ಯಾನ, ಮನ್ಯಾಗಿಲ್ಲಂತ ಹೇಳು."

ಆ ಮನುಷ್ಯ ನನ್ನ ಮುಖ ನೋಡಿದ, ಗಾಡಿ ನೋಡಿದ. "ನಮ್ಮವ್ವ. ಕಣ್ಣು ಕಾಣಂಗಿಲ್ಲರಿ. ಮಾತು ಕೇಳಂಗಿಲ್ಲ, ದೊಡ್ಡ ಸಪ್ಪಳಷ್ಟ ಕೇಳ್ತದ" ಎಂದ. ಆಮೇಲೆ ಮೆಲ್ಲಗೆ, "ನೀವು ಪಲಗ್ ಸುಟ್ಟ ಸಾಹೇಬ್ರಲ್ಲರಿ? ಕಂದೀಲ ನಾನ ಹಿಡಿದಿದ್ದೆ" ಎಂದ.

ಕಟ್ಟೆಯ ಮೇಲೆ ಕುಳಿತೆವು. ಅವನ ಅಪ್ಪ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಎತ್ತಿನ ವಿಷಯ ನಾನೇ ತೆಗೆದೆ. ಏನು ಹೇಳಬೇಕೆಂದು ಅಲ್ಲಿಯವರೆಗೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದು ಬಾಯಿಗೆ ಬರಲಿಲ್ಲ. "ಆ ನೋಟೀಸು ಟೈಪು ಮಾಡಿದಾಂವ ನಾನ" ಎಂದಷ್ಟೇ ಹೇಳಿದೆ.

"ಪಂಪು ಉಳೀತಲ್ರಿ" ಎಂದ ಅವನು. ಸ್ವಲ್ಪ ಹೊತ್ತು ಬಿಟ್ಟು, "ಎರಡು ವರ್ಷ ಬ್ಯಾರೇದವರ ಎತ್ತು ಕೇಳಿ ಕೇಳಿ ಬಿತ್ತಿದಿವಿ. ನಾ ಸಾಲಿ ಬಿಟ್ಟಿದ್ದು ಆಗರಿ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಮಳೆ ಎಷ್ಟು ಬಿತ್ತೆಂದು ಹೇಳುವ ಹಾಗೆ ಹೇಳಿದ. ಅವನ ಹೆಂಡತಿ ಮಜ್ಜಿಗೆ ತಂದಿಟ್ಟಳು. ಮೊಮ್ಮಗಳು ಅವನ ಮುಖವನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡುತ್ತ ಲೋಟ ಹಿಡಿದುಕೊಂಡೇ ಕುಳಿತಿದ್ದಳು.

ನಾನು ಒಳಗೆ ಹೋಗಿ ಮುದುಕಿಯ ಹತ್ತಿರ ಕುಳಿತೆ. ಅವಳು ನನ್ನ ಕೈ ಮುಟ್ಟಿ ನೋಡಿ, "ಯಾರಪಾ? ಊಟ ಮಾಡಿಯೇನು?" ಎಂದಳು. ಮಗ ಅವಳ ಕಿವಿಯ ಹತ್ತಿರ ಬಾಗಿ, "ಹಾನಗಲ್ಲ ಕಡಿಂದ ಬೀಗರು ಬಂದಾರವ್ವ" ಎಂದು ಕೂಗಿದ. ಅವಳು ರೊಟ್ಟಿ ಮಾಡಿಸು ಎಂದಳು. ಉಂಡೇ ಎದ್ದೆವು.

ಹೊರಡುವಾಗ ಮೊಮ್ಮಗ ಯೆಜ್ಡಿ ಹತ್ತಿ ಗೇರಿನ ಸಲಾಕೆ ಮೇಲಕ್ಕೆ ತಿರುಗಿಸಿ ಒದೆಯಲು ಕಾಲೆತ್ತಿದ್ದ. ನಾನು ಅವನ ಭುಜ ಹಿಡಿದೆ. "ಇಲ್ಲಿ ಚಾಲು ಮಾಡಬ್ಯಾಡ. ಗುಡಿ ದಾಟೂತನಕಾ ತಳ್ಳಕೊಂಡು ಹೋಗೂಣು."

ಅವನಿಗೆ ಅರ್ಥವಾಗಲಿಲ್ಲ. ಮೊಮ್ಮಗಳಿಗೆ ಆಯಿತು. ಅವಳು ಆಗಲೇ ಹಿಂದಿನ ಸೀಟಿಗೆ ಕೈ ಹಚ್ಚಿದ್ದಳು. ಮನೆಯ ಯಜಮಾನ ಕಟ್ಟೆಯಿಂದ ಇಳಿದು ಬಂದು ಇನ್ನೊಂದು ಬದಿಗೆ ನಿಂತು ತಳ್ಳಿದ. ಓಣಿಯ ಹುಡುಗರು ಗಾಡಿ ಕೆಟ್ಟಿದೆ ಎಂದುಕೊಂಡು ಬೆನ್ನು ಹತ್ತಿದರು. ಗುಡಿ ದಾಟಿ, ನೀರಿನ ಟಾಕಿ ದಾಟಿ, ಜೋಳದ ಹೊಲ ಶುರುವಾಗುವಲ್ಲಿ ಗಾಡಿ ನಿಲ್ಲಿಸಿದೆವು. ಅಲ್ಲಿ ಅವನು, "ಒಂದ್ಸಲ ನಾ ಹೊಡೀಲೇನ್ರಿ?" ಎಂದು ಕೇಳಿದ. ಸಲಾಕೆಯನ್ನು ಒಳಕ್ಕೆ ಒತ್ತಬೇಕೆಂದು ನಾನು ಹೇಳಬೇಕಾಗಲಿಲ್ಲ. ಎರಡನೆಯ ಒದೆತಕ್ಕೆ ಚಾಲು ಆಯಿತು.